ಗಾಳಿ ಹೆಚ್ಚಿದರೆ ಬಲ ಹೆಚ್ಚುವುದೆ?

ಕಳೆದ ವರ್ಷ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಲಬಕ್ ಎಂಬ ಊರಿನಿಂದ ನಮಗೊಂದು ಪತ್ರ ಬಂದಿತು. ಬರೆದವನು ಏಳೆಂಟು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದಿದ ವಿದ್ಯಾರ್ಥಿ. ಈಗ ಅವನು ಅಲ್ಲಿ ಕೃಷಿಯಂತ್ರಗಳ ದುರಸ್ತಿಯ ಕೆಲಸದಲ್ಲಿದ್ದಾನೆ. ಲಬಕ್ ಹತ್ತಿಯ ಸೀಮೆ. ಊರಿನ ಸುತ್ತ ಮೈಲಿಗಟ್ಟಲೆ ಹೊಲ. ಹೊಲಗಳ ನಡುವೆ ಮಣ್ಣುದಾರಿ. ಆ ದಾರಿಗಳಲ್ಲಿ ಭಾರವಾದ ಯಂತ್ರಗಳನ್ನು ಗಾಡಿಯ ಮೇಲೇರಿಸಿ ಎಳೆದೊಯ್ಯುವುದಕ್ಕಾಗಿ ಅವನು ಸಾಲ ಮಾಡಿ ಹಳೆಯ ರ‍್ಯಾಮ್ ಪಿಕಪ್ ಬಂಡಿಯೊಂದನ್ನು ಕೊಂಡಿದ್ದನು. ಅದರದು ೬.೭ ಲೀಟರಿನ, ಆರು ಸಿಲಿಂಡರುಗಳ, ಟರ್ಬೋ ಸಹಿತವಾದ ಕಮಿನ್ಸ್ ಡೀಸೆಲ್ ಎಂಜಿನ್ನು. ಬಂಡಿ ನಡೆದರೆ ಅವನ ಜೀವನ ನಡೆಯಿತು. ಅದು ನಿಂತರೆ ಸಾಲದ ಕಂತೂ ನಿಂತಿತು.

ಪತ್ರದ ಪ್ರಶ್ನೆ ಇಷ್ಟೆ. ಎಂಜಿನ್ನಿಗೆ ಗಾಳಿಯನ್ನು ಒಯ್ಯುವ ಕೊಳವೆಯನ್ನೂ ಶೋಧಕವನ್ನೂ ಬದಲಾಯಿಸಿದರೆ ೧೫ ಅಶ್ವಶಕ್ತಿಯವರೆಗೆ ಬಲ ಹೆಚ್ಚುವುದೆಂದು ಜಾಹೀರಾತುಗಳು ಸಾರುತ್ತಿವೆ. ಬಂಡಿಯ ತಯಾರಕರಲ್ಲದ ಬೇರೆ ಕಂಪನಿಗಳು ಇಂಥ ಸಾಮಗ್ರಿಗಳನ್ನು ಮಾರುತ್ತವೆ. ಒಂದರಲ್ಲಿ ಶೋಧಕವು ಶಂಕುವಿನ ಆಕಾರದ್ದು. ಪೆಟ್ಟಿಗೆಯಿಲ್ಲದೆ ಎಂಜಿನ್ನಿನ ಪಕ್ಕದಲ್ಲಿಯೇ ತೆರೆದಿರುತ್ತದೆ. ಇನ್ನೊಂದರಲ್ಲಿ ಎಣ್ಣೆ ಸವರಿದ ಹತ್ತಿಬಟ್ಟೆಯ ಶೋಧಕವು ಮುಚ್ಚಿದ ಪೆಟ್ಟಿಗೆಯಲ್ಲಿರುತ್ತದೆ. ಬೆಲೆ ಸುಮಾರು ೩೫೦ ಡಾಲರು. “ಯಾವುದನ್ನು ಕೊಳ್ಳಲಿ, ಸರ್?” ಎಂದು ಕೇಳಿದ್ದನು.

ನಾವು ಹಿಂದುಮುಂದು ನೋಡದೆ ಉತ್ತರ ಬರೆದೆವು. ಗಾಳಿ ಹೆಚ್ಚಿದರೆ ಆಮ್ಲಜನಕ ಹೆಚ್ಚುತ್ತದೆ. ಆಮ್ಲಜನಕ ಹೆಚ್ಚಿದರೆ ದಹನ ಹೆಚ್ಚುತ್ತದೆ. ದಹನ ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆ. ಆದುದರಿಂದ ಅತ್ಯಂತ ಕಡಿಮೆ ತಡೆಯುಳ್ಳ ತೆರೆದ ಶೋಧಕವೇ ಮೇಲು—ಹೀಗೆಂದು ಬರೆದು, ಶಿಷ್ಯನಿಗೆ ಉಪಕಾರ ಮಾಡಿದೆವೆಂಬ ತೃಪ್ತಿಯಲ್ಲಿದ್ದೆವು. ವಾರದೊಳಗೆ ಅವನ ಮರುಪತ್ರ ಬಂದಿತು. “ನಿಮ್ಮ ಮಾತಿನಂತೆ ಕೊಳ್ಳಲು ಹೊರಟಿದ್ದೆ. ಆದರೆ ಒಂದು ಸಂದೇಹ. ಡೀಸೆಲ್ ಎಂಜಿನ್ನಿನಲ್ಲಿ ಬಲವನ್ನು ಹೆಚ್ಚು ಕಡಿಮೆ ಮಾಡುವುದು ಗಾಳಿಯಿಂದಲ್ಲ, ಇಂಧನದಿಂದ ಎಂದು ನೀವೇ ತರಗತಿಯಲ್ಲಿ ಹೇಳಿದ್ದಿರಲ್ಲ, ಸರ್?”

ನಾಚಿಕೆಯಾಯಿತು. ನಾವು ಹೇಳಿದ್ದುದು ನಿಜ, ಮರೆತವರೂ ನಾವೇ. ನಮ್ಮ ಮೊದಲ ಉತ್ತರದ ಒಂದೊಂದು ವಾಕ್ಯವೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ತೋರುತ್ತದೆ. ಒಟ್ಟು ಉತ್ತರ ಮಾತ್ರ ತಪ್ಪು. ಅರ್ಧ ವಿಜ್ಞಾನದ ಅಪಾಯವೇ ಇದು. ಜಾಹೀರಾತುಗಳು ನಮ್ಮನ್ನು ಒಲಿಸಿಕೊಳ್ಳುವುದು ಸುಳ್ಳಿನಿಂದಲ್ಲ, ಇಂಥ ಅರ್ಧ ವಿಜ್ಞಾನದಿಂದ. ಆದುದರಿಂದಲೇ ಈ ವಿಷಯವನ್ನು ತರುಣ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಚಾಲಕನು ಕಾಲಿನಿಂದ ಒತ್ತಿದಾಗ ಸಾಮಾನ್ಯವಾಗಿ ಗಾಳಿಯ ದಾರಿಯಲ್ಲಿರುವ ಕವಾಟವು ತೆರೆಯುತ್ತದೆ. ಒಳಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲು ಬೆರೆಯುತ್ತದೆ. ರುಡಾಲ್ಫ್ ಡೀಸೆಲನು ೧೮೯೭ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ರೀತಿಯೇ ಬೇರೆ. ಇಲ್ಲಿ ಬಲವನ್ನು ನಿಯಂತ್ರಿಸುವುದು ಪ್ರತಿ ಸಲವೂ ಸಿಲಿಂಡರಿಗೆ ಚಿಮ್ಮಿಸುವ ಇಂಧನದ ಪ್ರಮಾಣ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು ೧೪.೫ ಕಿಲೋಗ್ರಾಂ ಗಾಳಿ ಸಾಕು. ಆದರೆ ಡೀಸೆಲ್ ಎಂಜಿನ್ನು ಪೂರ್ಣ ಭಾರವನ್ನು ಎಳೆಯುವಾಗಲೂ ಇದಕ್ಕಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಹಗುರವಾಗಿ ಓಡುವಾಗಲಂತೂ ಎಷ್ಟೋ ಪಾಲು ಹೆಚ್ಚು. ಅಂದರೆ ಉಣ್ಣುವವನ ಎಲೆಯಲ್ಲಿ ಅನ್ನ ಆಗಲೇ ಮಿಕ್ಕಿದೆ. ಮೇಲೆ ಇನ್ನೊಂದು ಸೌಟು ಬಡಿಸಿದ ಮಾತ್ರಕ್ಕೆ ಹಸಿವು ಹೆಚ್ಚುವುದಿಲ್ಲ. ಇಂಧನವನ್ನು ಹೆಚ್ಚಿಸದೆ ಗಾಳಿಯನ್ನು ಮಾತ್ರ ಹೆಚ್ಚಿಸಿದರೆ ಹೊಗೆ ಸ್ವಲ್ಪ ಕಡಿಮೆಯಾದೀತು, ಹೊರಹೋಗುವ ಅನಿಲದ ಉಷ್ಣತೆ ಸ್ವಲ್ಪ ಇಳಿದೀತು, ಇವೆರಡೂ ಒಳ್ಳೆಯವೇ. ಆದರೆ ಹೆಚ್ಚಿನ ಬಲವು ಅದರಿಂದ ತಾನಾಗಿ ಬರುವುದಿಲ್ಲ.

ಇದಕ್ಕೆ ಟರ್ಬೋ ಸೇರಿತೆಂದರೆ ಜಾಹೀರಾತಿನ ಮಾತು ಇನ್ನಷ್ಟು ದುರ್ಬಲವಾಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರನು ೧೯೦೫ರಲ್ಲಿ ಇದರ ಕಲ್ಪನೆಗೆ ಹಕ್ಕುಪತ್ರವನ್ನು ಪಡೆದನು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಸಿಲಿಂಡರುಗಳಿಗೆ ತುಂಬುತ್ತದೆ. ಈ ಕಾಲದ ಬಂಡಿಗಳಲ್ಲಿ ಒತ್ತಡವು ಎಷ್ಟಿರಬೇಕೆಂಬುದನ್ನು ಎಂಜಿನ್ನಿನ ಗಣಕವು ಅಳೆದು ನಿರ್ಧರಿಸುತ್ತದೆ. ಶೋಧಕದಲ್ಲಿ ಅಲ್ಪಸ್ವಲ್ಪ ತಡೆಯಿದ್ದರೆ ಟರ್ಬೋ ತುಸು ವೇಗವಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ತಡೆ ಮಿತಿಮೀರಿದಾಗ ಮಾತ್ರ ಅದು ಸೋಲುತ್ತದೆ. ಆಗ ಕೇಳಬೇಕಾದ ಪ್ರಶ್ನೆ “ಯಾವ ಶೋಧಕದಲ್ಲಿ ತಡೆ ಅತ್ಯಂತ ಕಡಿಮೆ?” ಎಂಬುದಲ್ಲ, “ಈಗಿರುವ ಶೋಧಕದಲ್ಲಿ ತಡೆ ಎಷ್ಟಿದೆ?” ಎಂಬುದು.

ಇದನ್ನು ತಿಳಿಯುವುದು ಹೇಗೆ? ನಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿರುವ, ನೀರು ತುಂಬಿದ ಯು ಆಕಾರದ ಗಾಜಿನ ನಳಿಗೆಯನ್ನು ಓದುಗರು ತಮ್ಮ ಕಾಲೇಜುಗಳಲ್ಲಿಯೂ ಕಂಡಿರಬಹುದು. ಅದರ ಹೆಸರು ಮ್ಯಾನೋಮೀಟರು. ಒಂದು ಬಾಯಿಯನ್ನು ಹೊರಗಾಳಿಗೆ ತೆರೆದು, ಇನ್ನೊಂದನ್ನು ಅಳೆಯಬೇಕಾದ ಜಾಗಕ್ಕೆ ಜೋಡಿಸಿದರೆ, ಎರಡು ತೋಳುಗಳ ನೀರಿನ ಮಟ್ಟಗಳ ಅಂತರವೇ ಒತ್ತಡದ ಅಂತರ. “ಇದರಿಂದೇನು ಪ್ರಯೋಜನ?” ಎಂದು ಹುಡುಗರು ಪ್ರತಿ ವರ್ಷ ಕೇಳುವುದುಂಟು. ನಾವು ಎರಡನೆಯ ಪತ್ರದಲ್ಲಿ ತಪ್ಪೊಪ್ಪಿಕೊಂಡು, “ಮೊದಲು ಅಳೆದು ನೋಡು, ಆಮೇಲೆ ಕೊಳ್ಳು” ಎಂದು ಬರೆದೆವು.

ಅವನು ಪಾರದರ್ಶಕವಾದ ಪ್ಲಾಸ್ಟಿಕ್ ನಳಿಗೆಯನ್ನು ತಂದು ಹಲಗೆಯ ಮೇಲೆ ಯು ಆಕಾರಕ್ಕೆ ಬಾಗಿಸಿ ಕಟ್ಟಿದನು. ಒಂದೊಂದು ತೋಳೂ ಒಂದು ಮೀಟರಿಗಿಂತ ಉದ್ದ. ಏಕೆಂದರೆ ತೋಳು ಗಿಡ್ಡವಾದರೆ ಎಂಜಿನ್ನು ನೀರನ್ನೇ ಹೀರಿಕೊಂಡುಬಿಡುವ ಅಪಾಯವುಂಟು. ಶೋಧಕಕ್ಕೂ ಟರ್ಬೋಗೂ ನಡುವೆ, ಶೋಧಕವು ಕಟ್ಟಿಕೊಂಡಿತೆಂದು ತೋರಿಸುವ ಸಣ್ಣ ಸೂಚಕವಿರುವ ರಂಧ್ರಕ್ಕೆ ನಳಿಗೆಯ ಒಂದು ಬಾಯಿಯನ್ನು ಜೋಡಿಸಿ, ಹಲಗೆಯನ್ನು ಚಾಲಕನ ಕೋಣೆಯೊಳಕ್ಕೆ ತಂದನು. ಲಬಕ್ಕಿನ ಸುತ್ತ ನೆಲವೆಲ್ಲ ಸಮತಟ್ಟು. ಆದರೆ ಆಗ್ನೇಯಕ್ಕಿರುವ ಪೋಸ್ಟ್ ಎಂಬ ಊರಿನಿಂದ ಬರುವ ಹೆದ್ದಾರಿಯು ಕ್ಯಾಪ್‌ರಾಕ್ ಎಂಬ ಕಡಿದಾದ ಅಂಚನ್ನು ಏರಿ ಆ ಪ್ರಸ್ಥಭೂಮಿಗೆ ಬರುತ್ತದೆ. ಆ ಏರಿನಲ್ಲಿ, ಹಿಂದೆ ಅದೇ ಭಾರದ ಗಾಡಿಯನ್ನು ಕಟ್ಟಿಕೊಂಡು, ಪೂರ್ತಿ ಬಲದಲ್ಲಿ ಅವನು ಬಂಡಿಯನ್ನು ನಡೆಸಿದನು; ನೀರಿನ ಮಟ್ಟವನ್ನು ಓದಲು ಪಕ್ಕದಲ್ಲಿ ಗೆಳೆಯನು ಕುಳಿತನು. ಬಂಡಿ ನಡೆಸುವವನೇ ನಳಿಗೆಯನ್ನು ನೋಡತಕ್ಕದ್ದಲ್ಲವೆಂದು ನಾವು ಮೊದಲೇ ಎಚ್ಚರಿಸಿದ್ದೆವು.

ಅವನು ಕಳುಹಿಸಿದ ಅಂಕಿಗಳು ಹೀಗಿದ್ದುವು. ಬಂಡಿಯನ್ನು ಕೊಂಡಾಗ ಇದ್ದ ಹಳೆಯ ಕಾಗದದ ಶೋಧಕ: ೪೬ ಸೆಂಟಿಮೀಟರು ನೀರು. ಅದೇ ಬಗೆಯ ಹೊಸ ಕಾಗದದ ಶೋಧಕ: ೨೨ ಸೆಂಟಿಮೀಟರು. ಗೆಳೆಯನಿಂದ ಎರವಲು ತಂದ ತೆರೆದ ಶಂಕುವಿನ ಶೋಧಕ: ೧೫ ಸೆಂಟಿಮೀಟರು.

ಈ ಅಂಕಿಗಳ ಅರ್ಥವೇನು? ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡವು ಸುಮಾರು ೧೦೩೩ ಸೆಂಟಿಮೀಟರು ನೀರಿಗೆ ಸಮ. ಲಬಕ್ ಸಮುದ್ರಮಟ್ಟದಿಂದ ಸಾವಿರ ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಅಲ್ಲಿ ಸುಮಾರು ೯೨೦ ಎಂದಿಟ್ಟುಕೊಳ್ಳಬಹುದು. ಕೊಳೆಯಾದ ಶೋಧಕವನ್ನು ತೆಗೆದು ಅದೇ ಬಗೆಯ ಹೊಸದನ್ನು ಹಾಕಿದರೆ ೨೪ ಸೆಂಟಿಮೀಟರು ಉಳಿಯಿತು. ಇದು ನೂರಕ್ಕೆ ಎರಡೂವರೆಗಿಂತ ಸ್ವಲ್ಪ ಹೆಚ್ಚು. ಹೊಸ ಕಾಗದದ ಬದಲು ತೆರೆದ ಶಂಕುವನ್ನು ಹಾಕಿದರೆ ಇನ್ನು ೭ ಸೆಂಟಿಮೀಟರು ಮಾತ್ರ. ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇಂಥ ಟರ್ಬೋ ಡೀಸೆಲ್‌ಗಳಲ್ಲಿ ಶೋಧಕವನ್ನು ಬದಲಾಯಿಸಬೇಕಾದ ಮಿತಿ ಸಾಮಾನ್ಯವಾಗಿ ೨೫ ಅಂಗುಲ, ಎಂದರೆ ಸುಮಾರು ೬೩ ಸೆಂಟಿಮೀಟರು ನೀರು. ಅವನ ಹಳೆಯ ಶೋಧಕವೂ ಆ ಮಿತಿಯನ್ನು ಮುಟ್ಟಿರಲಿಲ್ಲ. ಲಾಭದ ದೊಡ್ಡ ಪಾಲು ೫೦ ಡಾಲರಿನ ಕಾಗದದಲ್ಲಿತ್ತು. ಸಣ್ಣ ಪಾಲು ೩೫೦ ಡಾಲರಿನ ಸಾಮಗ್ರಿಯಲ್ಲಿತ್ತು.

“ಹೊಸ ಶೋಧಕವನ್ನು ಹಾಕಿದ ದಿನವೇ ಬಂಡಿ ಹಾರಿತು” ಎಂದು ಹೇಳುವವರು ಸುಳ್ಳು ಹೇಳುತ್ತಾರೆಂದು ನಾವು ಭಾವಿಸುವುದಿಲ್ಲ. ಅವರು ಹೊಸ ಸಾಮಗ್ರಿಯನ್ನು ಹೋಲಿಸುವುದು ತಮ್ಮ ಹಳೆಯ, ಕೊಳೆಯಾದ ಶೋಧಕದೊಡನೆ. ಮೇಲಾಗಿ, ಪೆಟ್ಟಿಗೆಯಿಲ್ಲದ ಶೋಧಕದಿಂದ ಟರ್ಬೋದ ಸಿಳ್ಳು ಕಿವಿಗೆ ಚೆನ್ನಾಗಿ ಕೇಳುತ್ತದೆ. ಸದ್ದು ಹೆಚ್ಚಿದರೆ ಶಕ್ತಿಯೂ ಹೆಚ್ಚಿತೆಂದು ಮನಸ್ಸು ತಾನಾಗಿ ನಂಬುತ್ತದೆ. ಸದ್ದಿನ ಸುಖಕ್ಕಾಗಿಯೇ ಕೊಳ್ಳುವವರಿಗೆ ನಮ್ಮ ಆಕ್ಷೇಪವಿಲ್ಲ. ಅದನ್ನು ಅಶ್ವಶಕ್ತಿಯೆಂದು ಕರೆಯಬಾರದು, ಅಷ್ಟೆ.

ಉಷ್ಣತೆಯ ಮಾತೂ ಇದೆ. ತಯಾರಕರು ಸಾಮಾನ್ಯವಾಗಿ ಗಾಳಿಯನ್ನು ಎಂಜಿನ್ನಿನ ಬಿಸಿಯಿಂದ ದೂರದ, ಬಂಡಿಯ ಮುಂಭಾಗದ ಅಥವಾ ಚಕ್ರದ ಮೇಲುಹೊದಿಕೆಯ ಕಡೆಯಿಂದ ತರುತ್ತಾರೆ. ತೆರೆದ ಶಂಕುವು ಎಂಜಿನ್ನಿನ ಸುತ್ತಲಿನ ಬಿಸಿಗಾಳಿಯನ್ನೇ ಸೆಳೆಯಬಹುದು. ಹೊರಗೆ ೩೦ ಡಿಗ್ರಿ ಸೆಂಟಿಗ್ರೇಡ್, ಒಳಗೆ ೬೦ ಡಿಗ್ರಿ ಇದೆಯೆನ್ನೋಣ. ನಿರಪೇಕ್ಷ ಮಾನದಲ್ಲಿ ಇವು ೩೦೩ ಮತ್ತು ೩೩೩. ಒತ್ತಡವು ಒಂದೇ ಆಗಿದ್ದರೆ ಬಿಸಿಗಾಳಿಯ ಸಾಂದ್ರತೆಯು ನೂರಕ್ಕೆ ೯ರಷ್ಟು ಕಡಿಮೆ. ತಡೆಯಲ್ಲಿ ಉಳಿಸಿದ ನೂರಕ್ಕೆ ಒಂದು ಪಾಲಿನ ಎದುರು ಇದು ದೊಡ್ಡ ನಷ್ಟ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಂಡಿ ವೇಗವಾಗಿ ಓಡುವಾಗ ಒಳಗಿನ ಬಿಸಿ ತಗ್ಗುತ್ತದೆ. ಟರ್ಬೋ ಒತ್ತಿದ ಗಾಳಿಯು ಹೇಗೂ ನೂರು ಡಿಗ್ರಿಗಳನ್ನು ಮೀರಿ ಕಾಯುತ್ತದೆ. ಅದನ್ನು ಸಿಲಿಂಡರಿಗೆ ಬಿಡುವ ಮುನ್ನ ಇಂಟರ್‌ಕೂಲರು ತಣಿಸುವುದರಿಂದ ಮೊದಲಿನ ವ್ಯತ್ಯಾಸದ ಬಹುಪಾಲು ಅಲ್ಲಿ ಅಳಿಯುತ್ತದೆ. ಆದುದರಿಂದ “ತಣ್ಣನೆಯ ಗಾಳಿ” ಎಂಬ ಹೊಗಳಿಕೆಯನ್ನೂ, ಬಿಸಿಗಾಳಿಯ ಭಯವನ್ನೂ ಅತಿಮಾಡಬಾರದು. ಆದರೂ ಏರಿನಲ್ಲಿ ಭಾರವನ್ನೆಳೆಯುತ್ತ ನಿಧಾನವಾಗಿ ಸಾಗುವ ಬಂಡಿಗೆ ಮುಚ್ಚಿದ ಪೆಟ್ಟಿಗೆಯೇ ಲೇಸು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಧೂಳು. ಶೋಧಕವಿರುವುದು ಗಾಳಿಯನ್ನು ಬಿಡುವುದಕ್ಕೆ ಎಂದು ಮಾರುವವರು ಹೇಳುತ್ತಾರೆ. ಗಾಳಿಯನ್ನು ಬಿಡುವುದೊಂದೇ ಕೆಲಸವಾಗಿದ್ದರೆ ಶೋಧಕವೇ ಬೇಕಿರಲಿಲ್ಲ. ಬರಿಯ ಕೊಳವೆ ಸಾಕಿತ್ತು. ಅದಿರುವುದು ಧೂಳನ್ನು ತಡೆಯುವುದಕ್ಕೆ. ಲಬಕ್ಕಿನ ಸೀಮೆಯಲ್ಲಿ ಧೂಳೆಂಬುದು ಸಣ್ಣ ಮಾತಲ್ಲ. ೧೯೩೦ರ ದಶಕದಲ್ಲಿ ಅಮೆರಿಕದ ಬಯಲುನಾಡನ್ನು ಪೀಡಿಸಿದ ಧೂಳಿನ ಬಿರುಗಾಳಿಗಳು ಟೆಕ್ಸಾಸಿನ ಈ ಭಾಗದ ಮೇಲೆಯೂ ಬೀಸಿದ್ದುವು. ಈಗಲೂ ಗಾಳಿ ಎದ್ದ ದಿನ ಅಲ್ಲಿ ಆಕಾಶ ಕೆಂಪಾಗುತ್ತದೆ.

ಲೆಕ್ಕ ಹಾಕೋಣ. ೬.೭ ಲೀಟರಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ತುಂಬಿಕೊಳ್ಳುತ್ತದೆ. ನಿಮಿಷಕ್ಕೆ ೨೦೦೦ ಸುತ್ತುಗಳಲ್ಲಿ ಅದು ೬.೭ ಘನಮೀಟರು, ಟರ್ಬೋ ತುಂಬುವ ಹೆಚ್ಚಿನ ಗಾಳಿಯನ್ನೂ ಸೇರಿಸಿ ೧೦ ಘನಮೀಟರು ಎನ್ನೋಣ. ಒಂದು ಘನಮೀಟರು ಗಾಳಿಯಲ್ಲಿ ಒಂದು ಮಿಲಿಗ್ರಾಂ ಧೂಳಿದ್ದರೆ, ಗಂಟೆಗೆ ೬೦೦ ಮಿಲಿಗ್ರಾಂ; ಸಾವಿರ ಗಂಟೆಗಳಲ್ಲಿ ೬೦೦ ಗ್ರಾಂ ಧೂಳು ಶೋಧಕದ ಬಾಗಿಲಿಗೆ ಬರುತ್ತದೆ. ನೂರಕ್ಕೆ ೯೯.೯ರಷ್ಟನ್ನು ತಡೆಯುವ ಶೋಧಕವು ಇದರಲ್ಲಿ ಅರ್ಧ ಗ್ರಾಮಿಗಿಂತ ತುಸು ಹೆಚ್ಚು, ಎಂದರೆ ೦.೬ ಗ್ರಾಂ ಒಳಬಿಡುತ್ತದೆ. ನೂರಕ್ಕೆ ೯೮ರಷ್ಟನ್ನು ತಡೆಯುವುದು ೧೨ ಗ್ರಾಂ ಒಳಬಿಡುತ್ತದೆ. ೯೯.೯ಕ್ಕೂ ೯೮ಕ್ಕೂ ನಡುವೆ ಎರಡೇ ಅಂಶಗಳ ಅಂತರವೆಂದು ತೋರುತ್ತದೆ. ಎಂಜಿನ್ನಿಗಾದರೋ ಅಂತರವು ಇಪ್ಪತ್ತು ಪಟ್ಟು! ತಡೆದುದನ್ನು ಎಣಿಸಬೇಡಿ, ಒಳಹೋದುದನ್ನು ಎಣಿಸಿ.

ಒಳಹೋದ ಧೂಳು ಮಾಡುವುದೇನು? ಟರ್ಬೋದ ಚಕ್ರವು ಪೂರ್ಣ ಭಾರದಲ್ಲಿ ನಿಮಿಷಕ್ಕೆ ಲಕ್ಷದ ಸುಮಾರಿಗೆ ಸುತ್ತು ತಿರುಗುತ್ತದೆ. ಅದರ ಬಾಯಿಯ ವ್ಯಾಸ ೬ ಸೆಂಟಿಮೀಟರು ಎಂದರೆ ಅಲಗಿನ ತುದಿಯ ವೇಗ ಸೆಕೆಂಡಿಗೆ ೩೧೪ ಮೀಟರು. ಶಬ್ದದ ವೇಗಕ್ಕೆ ಸಮೀಪ. ಆ ವೇಗದಲ್ಲಿ ಮರಳಿನ ಕಣವು ಅಲ್ಯೂಮಿನಿಯಮ್ಮಿನ ಅಲಗನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಅಲ್ಲಿಂದ ಮುಂದೆ ಪಿಸ್ಟನ್ನಿನ ಬಳೆಗಳು, ಸಿಲಿಂಡರಿನ ಗೋಡೆ, ಕಡೆಗೆ ಎಂಜಿನ್ನಿನ ಎಣ್ಣೆ. ಈ ಸವೆತವು ಒಂದು ದಿನದಲ್ಲಿ ಕಾಣುವಂಥದಲ್ಲ. ಬಲವು ಹೆಚ್ಚಿತೆಂಬ ಭ್ರಮೆ ಮೊದಲ ದಿನವೇ ದೊರೆಯುತ್ತದೆ. ಅದರ ಬೆಲೆಯನ್ನು ತೆರುವುದು ಮೂರನೆಯ ವರ್ಷದಲ್ಲಿ. ಮಾರಿದವನು ಆಗ ಎದುರಿಗಿರುವುದಿಲ್ಲ.

ಹಾಗಾದರೆ ಹೊರಗಿನ ಸಾಮಗ್ರಿಗಳೆಲ್ಲ ಕೆಟ್ಟವೆ? ಹಾಗಲ್ಲ. ಟರ್ಬೋವನ್ನು ದೊಡ್ಡದು ಮಾಡಿ, ಇಂಧನವನ್ನೂ ಹೆಚ್ಚಿಸಿದ ಎಂಜಿನ್ನಿಗೆ ಮೊದಲಿನ ಕೊಳವೆ ನಿಜವಾಗಿಯೂ ಸಾಲದೆ ಹೋಗಬಹುದು. ಅಂಥವರು ನಳಿಗೆಯಲ್ಲಿ ಅಳೆದಾಗ ಹೊಸ ಶೋಧಕದಲ್ಲಿಯೂ ತಡೆಯು ಮಿತಿಯ ಹತ್ತಿರ ಕಂಡರೆ, ಹೆಚ್ಚು ವಿಸ್ತೀರ್ಣದ ಒಳ್ಳೆಯ ಶೋಧಕವನ್ನು ಕೊಳ್ಳುವುದೇ ಸರಿ. ವಿಸ್ತೀರ್ಣವು ಹೆಚ್ಚಿದರೆ ಧೂಳನ್ನು ಬಿಡದೆಯೇ ತಡೆಯನ್ನು ತಗ್ಗಿಸಬಹುದು. ಕೊಳ್ಳುವಾಗ ಕೇಳತಕ್ಕ ಪ್ರಶ್ನೆಗಳು ಕೆಲವು. ಐಎಸ್ಒ ೫೦೧೧ ಎಂಬ ಅಂತರರಾಷ್ಟ್ರೀಯ ಮಾನಕದಂತೆ ಪರೀಕ್ಷಿಸಿದ್ದಾರೆಯೆ? ಪರೀಕ್ಷಿಸಿದ್ದರೆ ಧೂಳು ತಡೆಯುವ ಪ್ರಮಾಣವೆಷ್ಟು, ಎಷ್ಟು ಗಾಳಿಗೆ ತಡೆ ಎಷ್ಟು, ಕಟ್ಟಿಕೊಳ್ಳುವ ಮುನ್ನ ಎಷ್ಟು ಧೂಳನ್ನು ಹಿಡಿಯುತ್ತದೆ? ಪೆಟ್ಟಿಗೆಯು ಮುಚ್ಚಿದ್ದೆ? ಅಂಚಿನ ರಬ್ಬರು ಸಂದಿಲ್ಲದೆ ಕೂಡುತ್ತದೆಯೆ? ಸಂದಿನಿಂದ ನುಗ್ಗುವ ಧೂಳಿಗೆ ಯಾವ ಶೋಧಕವೂ ಅಡ್ಡವಲ್ಲ. ಹಲವು ಬಂಡಿಗಳಲ್ಲಿ ಗಾಳಿಯ ಪ್ರವಾಹವನ್ನು ಅಳೆಯುವ ಸೂಕ್ಷ್ಮ ಸಾಧನವು ಕೊಳವೆಯಲ್ಲಿಯೇ ಇರುತ್ತದೆ. ಕೊಳವೆಯ ಅಳತೆ ಬದಲಾದರೆ ಅದು ತಪ್ಪು ಓದಬಹುದು. ಹತ್ತಿಬಟ್ಟೆಗೆ ಎಣ್ಣೆಯನ್ನು ಅತಿಯಾಗಿ ಸವರಿದರೆ ಆ ಸಾಧನವು ಕೊಳೆಯಾಗಬಹುದು.

ಕಾನೂನಿನ ಪ್ರಶ್ನೆಯೂ ಉಂಟು. ಅಮೆರಿಕದ ಶುದ್ಧವಾಯು ಕಾಯಿದೆಯು ಹೊಗೆಯನ್ನು ಶುದ್ಧಗೊಳಿಸುವ ಏರ್ಪಾಡುಗಳನ್ನು ಕೆಡಿಸುವುದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯದಲ್ಲಿ ಇಂಥ ಸಾಮಗ್ರಿಗಳಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಲಿಯ ಅನುಮತಿಯ ಸಂಖ್ಯೆ ಇರಬೇಕು. ಹೊರಗಿನ ಸಾಮಗ್ರಿಯನ್ನು ಹಾಕಿದ ಮಾತ್ರಕ್ಕೆ ಬಂಡಿಯ ತಯಾರಕರು ಖಾತರಿಯನ್ನು ನಿರಾಕರಿಸುವಂತಿಲ್ಲವೆಂದು ೧೯೭೫ರ ಮ್ಯಾಗ್ನುಸನ್-ಮಾಸ್ ಕಾಯಿದೆ ಹೇಳುತ್ತದೆ, ನಿಜ. ಆದರೆ ಆ ಸಾಮಗ್ರಿಯಿಂದಲೇ ಹಾನಿಯಾಗಿದ್ದರೆ ಆ ಹಾನಿಗೆ ಖಾತರಿ ಸಲ್ಲುವುದಿಲ್ಲ.

ನಮ್ಮ ವಿದ್ಯಾರ್ಥಿಯು ಕಡೆಗೆ ಬಂಡಿಯ ಮೂಲ ಪೆಟ್ಟಿಗೆಯನ್ನೇ ಉಳಿಸಿಕೊಂಡು, ಹೊಸ ಕಾಗದದ ಶೋಧಕವನ್ನು ಹಾಕಿದನು. ಪೆಟ್ಟಿಗೆಯ ಅಂಚಿನ ರಬ್ಬರನ್ನು ಪರೀಕ್ಷಿಸಿದಾಗ ಒಂದು ಮೂಲೆಯಲ್ಲಿ ಅದು ಮಡಿಚಿಕೊಂಡಿದ್ದುದು ಕಂಡಿತಂತೆ, ಅದನ್ನೂ ಸರಿಪಡಿಸಿದನು. ಪದೇ ಪದೇ ಶೋಧಕವನ್ನು ಹೊರತೆಗೆದು ತಟ್ಟುವ ಅಭ್ಯಾಸವನ್ನು ಬಿಟ್ಟನು. ಏಕೆಂದರೆ ಮೇಲೆ ಕೂತ ತೆಳುವಾದ ಧೂಳಿನ ಪದರವು ತಾನೇ ಒಂದು ಶೋಧಕವಾಗಿ ನೆರವಾಗುತ್ತದೆ. ಈಗ ಅವನು ಬದಲಾಯಿಸುವುದು ಸೂಚಕವು ಹೇಳಿದಾಗ. ಉಳಿದ ೩೦೦ ಡಾಲರು ಸಾಲದ ಕಂತಿಗೆ ಹೋಯಿತು.

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆ ನಮ್ಮಲ್ಲಿದೆ. ಪ್ರಮಾಣಿಸುವುದೆಂದರೆ ಭೌತವಿಜ್ಞಾನಕ್ಕೆ ಅಳೆಯುವುದೇ. ಮಾರುವವನ ಮಾತಿಗೆ ಮಾತ್ರವಲ್ಲ, ಅಧ್ಯಾಪಕನ ಮಾತಿಗೂ ಈ ಗಾದೆ ಸಲ್ಲುತ್ತದೆಂಬುದನ್ನು ನಮ್ಮ ಶಿಷ್ಯನು ನಮಗೆ ಕಲಿಸಿದನು. ಅವನು ನಮ್ಮ ಉತ್ತರವನ್ನು ಗೌರವದಿಂದ ಒಪ್ಪಿ ಸುಮ್ಮನಾಗಿದ್ದರೆ ಅವನ ಎಂಜಿನ್ನು ಇಷ್ಟು ಹೊತ್ತಿಗೆ ಎಷ್ಟು ಧೂಳನ್ನು ತಿಂದಿರುತ್ತಿತ್ತೋ! ಈ ವರ್ಷ ಯು ನಳಿಗೆಯನ್ನು ಮೇಜಿನ ಮೇಲಿಟ್ಟಾಗ ಒಬ್ಬ ಹುಡುಗಿ ಎಂದಿನಂತೆ “ಇದರಿಂದೇನು ಪ್ರಯೋಜನ, ಸರ್?” ಎಂದು ಕೇಳಿದಳು. ನಾವು ಆ ಎರಡು ಪತ್ರಗಳನ್ನು ತರಗತಿಯಲ್ಲಿ ಓದಿ ಹೇಳಿದೆವು. ನಮ್ಮ ತಪ್ಪು ಉತ್ತರವನ್ನೂ ಬಿಡದೆ.